ಕೆಸರು ಕೂಡಿಟ್ಟ ನಿರ್ವಾಹಕ

ಭರಮಣ್ಣ ಕೇಳಿದ: "ಮೇಷ್ಟ್ರೇ, ಗಾಳಿ ಹೆಚ್ಚಿಸಿದೆ. ಸೂಕ್ಷ್ಮಜೀವಿಗಳ ಪುಡಿ ತರಿಸಿ ಹಾಕಿದೆ. ಕೆಸರನ್ನು ಒಂದು ಹನಿಯೂ ಹೊರಗೆ ಬಿಟ್ಟಿಲ್ಲ. ಆದರೂ ನೀರು ತಿಳಿಯಾಗುತ್ತಿಲ್ಲ. ಇನ್ನೇನು ಸೇರಿಸಲಿ?"

ಅವನು ಒಂದು ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ನೋಡಿಕೊಳ್ಳುತ್ತಿದ್ದ. ತೋಟಪ್ಪ ಮೇಷ್ಟ್ರು ಅಂಥ ಘಟಕಗಳಲ್ಲೇ ಮೂವತ್ತೆಂಟು ವರ್ಷ ದುಡಿದು, ಈಗ ಹೊಸಬರಿಗೆ ಕೆಲಸ ಕಲಿಸುತ್ತಿದ್ದರು. ಅವರು ಉತ್ತರದ ಬದಲು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಿರ್ವಾಹಕನಿದ್ದ. ಊರಿನ ಕೊಳಚೆಯೆಲ್ಲ ಅವನ ಘಟಕಕ್ಕೆ ಬರುತ್ತಿತ್ತು. ಮೊದಲು ಗಾಳಿ ತೊಟ್ಟಿ. ಅಲ್ಲಿ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಕೊಳಕನ್ನು ತಿನ್ನುತ್ತಿದ್ದವು. ಆಮೇಲೆ ತಿಳಿ ತೊಟ್ಟಿ. ಅಲ್ಲಿ ಕೆಸರು ತಳಕ್ಕೆ ಕೂರುತ್ತಿತ್ತು, ತಿಳಿ ನೀರು ಅಂಚು ದಾಟಿ ಹೊರಗೆ ಹರಿಯುತ್ತಿತ್ತು. ಕೂತ ಕೆಸರನ್ನು ಪಂಪು ಮತ್ತೆ ಗಾಳಿ ತೊಟ್ಟಿಗೆ ಕಳಿಸುತ್ತಿತ್ತು. ಬೆಳೆದು ಹೆಚ್ಚಾದದ್ದನ್ನು ತೆಗೆದು ಒಣಗಿಸಬೇಕು ಎಂಬುದು ಕ್ರಮ.

ಆ ನಿರ್ವಾಹಕ ತೆಗೆಯಲಿಲ್ಲ. ಕೊಳಕನ್ನು ತಿನ್ನುವುದೇ ಕೆಸರು, ಅಂದಮೇಲೆ ಕೆಸರು ಹೆಚ್ಚಿದ್ದಷ್ಟೂ ನೀರು ಶುದ್ಧ ಎಂದು ಅವನು ನಂಬಿದ್ದ. ಸೋಮಾರಿತನದಿಂದ ಅಲ್ಲ, ಶ್ರದ್ಧೆಯಿಂದಲೇ ನಂಬಿದ್ದ. ಐದು ತಿಂಗಳು ಕೆಸರನ್ನು ಕೂಡಿಟ್ಟ.

ನೀರು ಮಬ್ಬಾಯಿತು. ಗಾಳಿ ಸಾಲದೇನೋ ಎಂದು ಎರಡನೆಯ ಬ್ಲೋವರನ್ನೂ ಓಡಿಸಿದ. ಕೆಸರಿನ ಹೆಪ್ಪುಗಳು ಒಡೆದು ಪುಡಿಯಾದವು, ನೀರು ಇನ್ನೂ ಮಬ್ಬಾಯಿತು. ಜೀವಿಗಳು ಸತ್ತಿವೆಯೇನೋ ಎಂದು ಪುಡಿ ತರಿಸಿ ಹಾಕಿದ. ಯಾರೋ ಹೇಳಿದರೆಂದು ಬೆಲ್ಲ ಕರಗಿಸಿ ಸುರಿದ. ಸಗಣಿಯನ್ನೂ ಕದಡಿದ. ಬೆಳಿಗ್ಗೆ ಊರೆಲ್ಲ ಎದ್ದು ನೀರು ಬಳಸುವ ಹೊತ್ತಿಗೆ ತಿಳಿ ತೊಟ್ಟಿಯ ಅಂಚಿನಿಂದ ಕೆಸರೇ ಹೊರಗೆ ಹರಿಯತೊಡಗಿತು.

ಆ ನೀರು ಕಾಲುವೆಯಲ್ಲಿ ಹರಿದು ಹೋಗುತ್ತಿದ್ದದ್ದು ಒಂದು ಕೆರೆಗೆ. ಅಲ್ಲಿ ಒಬ್ಬಳು ಮೀನು ಸಾಕುತ್ತಿದ್ದಳು. ಒಂದು ವಾರದಲ್ಲಿ ಅವಳ ಅರ್ಧದಷ್ಟು ಮೀನುಗಳು ಸತ್ತು ತೇಲಿದವು.

ಅವಳು ಕಾಲುವೆಯ ನೀರನ್ನು ಒಂದು ಗಾಜಿನ ಜಾಡಿಯಲ್ಲಿ ತುಂಬಿಕೊಂಡು ಘಟಕಕ್ಕೆ ಬಂದಳು. ಜಾಡಿಯನ್ನು ಅವನ ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಬೈಯಲಿಲ್ಲ. ಅರ್ಧ ಗಂಟೆಯಲ್ಲಿ ಕೆಸರು ತಳಕ್ಕೆ ಕೂತಿತು. ನಿರ್ವಾಹಕನಿಗೆ ಸಮಾಧಾನವಾಯಿತು. ಅವಳು ಏಳಲಿಲ್ಲ. ಇನ್ನೊಂದು ಗಂಟೆ ಕಳೆಯಿತು. ಕೂತಿದ್ದ ಕೆಸರು ಗಡ್ಡೆಗಡ್ಡೆಯಾಗಿ ಮೇಲಕ್ಕೆ ಬಂದು ತೇಲಿತು.

ಅವಳು ಕೇಳಿದಳು: "ಕೆಳಗೆ ಕೂತದ್ದು ಮತ್ತೆ ಯಾಕೆ ಮೇಲೆ ಬಂತಣ್ಣಾ?"

ಅವನು "ಗೊತ್ತಿಲ್ಲಮ್ಮ" ಎಂದ. ಐದು ತಿಂಗಳಲ್ಲಿ ಅವನು ಆಡಿದ ಮೊದಲ ನಿಜವಾದ ಮಾತು ಅದು.

"ಹಾಗಾದರೆ ತಿಳಿದುಕೊಳ್ಳಿ. ಕೆರೆಗೆ ನಿಮ್ಮ ನೀರು ಬರುವ ತೂಬನ್ನು ಮುಚ್ಚುತ್ತೇನೆ. ಇರುವ ನೀರಿನಲ್ಲಿ ಉಳಿದ ಮೀನು ಮೂರು ವಾರ ಬದುಕುತ್ತವೆ. ನಾಲ್ಕನೆಯ ವಾರಕ್ಕೆ ಕೆರೆಯಲ್ಲಿ ನೀರಿರುವುದಿಲ್ಲ" ಎಂದು ಹೇಳಿ ಅವಳು ಹೋದಳು.

ಅವನು ಒಂದು ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಿಳಿ ತೊಟ್ಟಿಯಲ್ಲಿ ಇಳಿಬಿಟ್ಟ. ಎತ್ತಿ ನೋಡಿದರೆ ಬಟ್ಟೆ ಹೆಚ್ಚುಕಡಿಮೆ ಮೇಲಿನ ತುದಿಯವರೆಗೆ ಕಂದು ಬಣ್ಣವಾಗಿತ್ತು. ತೊಟ್ಟಿಯ ತುಂಬ ಕೆಸರೇ ಇತ್ತು, ಮೇಲೆ ಒಂದು ಗೇಣು ನೀರು. ಅವನಿಗೆ ಈಗ ಅರ್ಥವಾಯಿತು. ಪಂಪು ಎಳೆದಷ್ಟೂ ಮುಗಿಯದ ಕೆಸರು ತಳದಲ್ಲೇ ಬಹಳ ಹೊತ್ತು ಕೂರುತ್ತಿತ್ತು. ಅಲ್ಲಿ ಗಾಳಿ ಇರಲಿಲ್ಲ. ಕೆಸರಿನೊಳಗೆ ಗುಳ್ಳೆಗಳು ಹುಟ್ಟಿ ಅದನ್ನು ಮೇಲಕ್ಕೆ ಎತ್ತುತ್ತಿದ್ದವು. ಜೀವಿಗಳು ಸತ್ತಿರಲಿಲ್ಲ. ಅವು ಬೇಕಾದ್ದಕ್ಕಿಂತ ಹೆಚ್ಚಿದ್ದವು, ಮುದಿಯಾಗಿದ್ದವು.

ಅವನು ಎರಡನೆಯ ಬ್ಲೋವರನ್ನು ನಿಲ್ಲಿಸಿದ. ಪುಡಿಯ ಚೀಲಗಳನ್ನು ಕಟ್ಟಿಟ್ಟ. ಕೆಸರು ಹೊರಹೋಗುವ ವಾಲ್ವನ್ನು ದಿನಕ್ಕೆ ನಲವತ್ತು ನಿಮಿಷ ತೆರೆಯಬೇಕು ಎಂದು ಗೊತ್ತು ಮಾಡಿಕೊಂಡ. ಒಂದೇ ದಿನ ಎಲ್ಲವನ್ನೂ ತೆಗೆದರೆ ಕೊಳಕನ್ನು ತಿನ್ನುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದ.

ಹತ್ತು ದಿನ ಕಳೆದವು. ನೀರು ಮಬ್ಬಾಗಿಯೇ ಇತ್ತು. ಕೆರೆಯ ಅಂಚಿನಲ್ಲಿ ಮಣ್ಣು ಬಿರುಕು ಬಿಡತೊಡಗಿತ್ತು. ಅವನ ಕೈ ದಿನಕ್ಕೆ ನೂರು ಸಲ ಬ್ಲೋವರಿನ ಗುಂಡಿಯತ್ತ ಹೋಗುತ್ತಿತ್ತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವನು ಕೋಲು ಹಿಡಿಯುತ್ತಿದ್ದ. ಬಟ್ಟೆಯ ಮೇಲಿನ ಕಂದು ದಿನಕ್ಕೆ ಎರಡು ಬೆರಳಷ್ಟು ಇಳಿಯುತ್ತಿತ್ತು. ಅದೊಂದೇ ಅವನಿಗಿದ್ದ ಧೈರ್ಯ.

ಹದಿನಾಲ್ಕನೆಯ ದಿನ ಮೇಲಧಿಕಾರಿ ಬಂದ. ನೀರು ನೋಡಿದ. "ಎರಡೂ ಬ್ಲೋವರ್ ಓಡಿಸು. ಪುಡಿ ಹಾಕು. ಸುಮ್ಮನೆ ಕೂತರೆ ನಾಳೆ ಜನ ಬಂದು ನಮ್ಮನ್ನು ಕೇಳುತ್ತಾರೆ" ಎಂದ.

"ನಾನು ಸುಮ್ಮನೆ ಕೂತಿಲ್ಲ ಸಾರ್. ಕಾಯುತ್ತಿದ್ದೇನೆ. ಹಳೆಯ ಕೆಸರು ಹೋಗಿ ಹೊಸದು ಬೆಳೆಯಲು ಇನ್ನೂ ಒಂದು ವಾರ ಬೇಕು. ಇವತ್ತು ಏನಾದರೂ ಬದಲಾಯಿಸಿದರೆ ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ಅಷ್ಟು ದಿನ ಆ ಕೆರೆಗಿಲ್ಲ. ವಾರದ ಮೇಲೂ ನೀರು ಹೀಗೇ ಇದ್ದರೆ ನನ್ನನ್ನು ಈ ಕೆಲಸದಿಂದ ತೆಗೆಯಿರಿ."

ಅಧಿಕಾರಿ ಆ ಮಾತನ್ನು ಕಾಗದದಲ್ಲಿ ಬರೆಸಿಕೊಂಡು ಹೋದ.

ಹದಿನೆಂಟನೆಯ ದಿನ ತಿಳಿ ತೊಟ್ಟಿಯಲ್ಲಿ ಗಡ್ಡೆ ತೇಲುವುದು ನಿಂತಿತು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ನೀರಿನ ರಭಸ ಹೆಚ್ಚಿದರೂ ಅಂಚಿನಿಂದ ಕೆಸರು ಬರಲಿಲ್ಲ. ಅವನು ಜಾಡಿಯಲ್ಲಿ ನೀರು ತುಂಬಿ ಕೆರೆಗೆ ನಡೆದ.

ಮೀನಿನವಳು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆದರೂ ತೂಬು ತೆರೆಯಲಿಲ್ಲ. ಕಾಲುವೆಯಲ್ಲಿ ಬಲೆ ಕಟ್ಟಿ ಅದರೊಳಗೆ ಮೂರು ಮೀನು ಬಿಟ್ಟಳು. ಒಂದು ಹಗಲು, ಒಂದು ರಾತ್ರಿ ಕಾದಳು. ಮೂರೂ ಬದುಕಿದ್ದವು. ಆಗ ತೂಬಿನ ಹಲಗೆ ಎತ್ತಿದಳು. ಕೆರೆಯಲ್ಲಿ ಮೊಣಕಾಲುದ್ದ ನೀರು ಉಳಿದಿತ್ತು. ಸತ್ತ ಮೀನಿನ ಮಾತನ್ನು ಅವಳು ಎತ್ತಲಿಲ್ಲ. ಅವನು ಮಾತ್ರ ಅದನ್ನು ಮರೆಯಲಿಲ್ಲ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿದರು.

ಭರಮಣ್ಣನ ಮುಖ ಗೆಲುವಾಗಿತ್ತು. ಅವನು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ. "ತಿಳಿಯಿತು ಮೇಷ್ಟ್ರೇ. ನಾಳೆಯಿಂದಲೇ ಶುರು ಮಾಡುತ್ತೇನೆ. ದಿನಕ್ಕೆ ನಲವತ್ತು ನಿಮಿಷ, ಇಪ್ಪತ್ತೊಂದು ದಿನ."

ಮೇಷ್ಟ್ರು ಹೇಳಿದರು: "ಅದು ಅವನ ತೊಟ್ಟಿಯ ಲೆಕ್ಕ, ನಿನ್ನ ತೊಟ್ಟಿಯನ್ನು ನೀನು ಇನ್ನೂ ನೋಡಿಲ್ಲ."

ಭರಮಣ್ಣ ಬರೆದದ್ದನ್ನು ಹೊಡೆದುಹಾಕಿದ.