ಹಗೇವಿನ ಕಾವಲುಗಾರ

ಇರುವೆಗಳು ನೆಲದಡಿಯ ಹಗೇವಿನಲ್ಲಿ ಜೋಳ ತುಂಬಿ, ಹೆಗ್ಗಣವನ್ನು ಕಾವಲಿಗಿಟ್ಟಿದ್ದವು. ಒಂದು ದಿನ ಮುಚ್ಚಿದ ಕಲ್ಲು ಸರಿಸಿದರೆ ಒಳಗೆ ಕಾಳೇ ಇಲ್ಲ. ನ್ಯಾಯ ಎತ್ತಿನ ಮುಂದೆ ಬಂತು.

“ಮಳೆ ಹೆಚ್ಚಾಯಿತು, ನೆಲ ಕುಸಿಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ,” ಎಂದಿತು ಹೆಗ್ಗಣ.

ಎತ್ತು ಮೆಲುಕು ಹಾಕುತ್ತಲೇ ತಲೆದೂಗಿತು. “ಆದದ್ದು ಆಯಿತು. ಇರುವೆಗಳು ಮತ್ತೆ ಜೋಳ ತುಂಬಲಿ. ಅನುಭವವಿರುವ ಹೆಗ್ಗಣವೇ ಕಾಯಲಿ.”

ಒಂದು ಇರುವೆ ಸಾಲು ಬಿಟ್ಟು ಮುಂದೆ ಬಂತು. “ಆಗಲಿ ಯಜಮಾನರೇ. ಆದರೂ ನನಗೊಂದು ಕುತೂಹಲ. ಹೆಗ್ಗಣಪ್ಪಾ, ಈ ಸಲ ನಿನ್ನ ಮನೆಯ ಜೋಳವನ್ನೂ ನಮ್ಮದರ ಜೊತೆಗೇ ಹಾಕುತ್ತೀಯಾ?”

ಹೆಗ್ಗಣ ಹೌಹಾರಿತು. “ಆ ಹಗೇವಿನಲ್ಲೇ? ಸುತ್ತಲೂ ಬಿಲ ತೋಡಿದ್ದೇನೆ, ಒಂದು ಕಾಳಾದರೂ ಉಳಿದೀತೇ?”

ಎತ್ತಿನ ಬಾಯಿ ತೆರೆದೇ ಉಳಿಯಿತು. ಅದರಿಂದ ಜೋಳದ ಕಾಳೊಂದು ಉದುರಿತು. ಇರುವೆಗಳ ಸಾಲು ಮೆಲ್ಲಗೆ ಆ ಕಡೆಗೂ ತಿರುಗಿತು.