ಹಳದಿ ದೀಪ ಹಚ್ಚಿದವರು ಯಾರು

ಹೊಳೆದಂಡೆಯ ಆಶ್ರಮಕ್ಕೆ ಮಂಗಳವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಭಾರೀ ಅನಾಹುತವೊಂದು ಒದಗಿತು. ಪೇಟೆಗೆ ಹೊರಟಿದ್ದ ಆಶ್ರಮದ ಕಾರಿನೊಳಗೆ, ಸ್ಟೇರಿಂಗಿನ ಹಿಂದೆ, ಕಡಲೆಕಾಳಿನಷ್ಟು ದೊಡ್ಡ ಹಳದಿ ದೀಪವೊಂದು ಹೊತ್ತಿಕೊಂಡಿತು.

ಪ್ರಾಣಹಾನಿಯಾಗಲಿಲ್ಲ. ಕಾರು ಓಡುತ್ತಲೇ ಇತ್ತು, ಹಾರ್ನ್ ಕೂಗುತ್ತಲೇ ಇತ್ತು. ಆದರೂ ಶಿಷ್ಯ ಕಲ್ಲಿನಾಥ ಅದನ್ನು ಅರ್ಧ ದಾರಿಯಿಂದ ಹಿಂದೆ ತಂದು, ಬೇವಿನ ಮರದ ಕೆಳಗೆ ನಿಲ್ಲಿಸಿ, ಬೀಗ ಹಾಕಿ, ಸುತ್ತ ಯಾರಿದ್ದಾರೆ ಎಂದು ನೋಡಿದ.

ಕಾರನ್ನು ಭಕ್ತರೊಬ್ಬರು ಯುಗಾದಿಗೆ ಕೊಟ್ಟಿದ್ದರು. ಎದುರಿಗೆ ಏನಾದರೂ ಅಡ್ಡ ಬಂದಾಗ ಓಡಿಸುವವನು ಮೈಮರೆತರೆ, ತಾನೇ ಬ್ರೇಕ್ ಹಾಕಿಕೊಳ್ಳುವ ಕಾರು.

ಕಲ್ಲಿನಾಥನಿಗೆ ಅದರ ಮೇಲೆ ಬಹಳ ಭಕ್ತಿ. ದಿನಾ ಸ್ನಾನ ಮುಗಿಸಿ, ವಿಭೂತಿ ಕಲಸಿ, ಕಾರಿನ ಮೂತಿಯ ನಡುವೆ ಹೊಳೆಯುವ ಲಾಂಛನಕ್ಕೆ ಮೂರು ಬೆರಳು ಎಳೆಯುತ್ತಿದ್ದ. ಹಚ್ಚಿದ ವಿಭೂತಿಯನ್ನು ಒರೆಸುವುದು ಅವನ ಪ್ರಕಾರ ಅಪಚಾರ. ಹಾಗಾಗಿ ನಿನ್ನೆಯದರ ಮೇಲೆ ಇಂದಿನದು, ಇಂದಿನದರ ಮೇಲೆ ನಾಳೆಯದು. ಉಳಿದ ಕಾರನ್ನು ಮಾತ್ರ ಫಳಫಳ ತೊಳೆಯುತ್ತಿದ್ದ.

ಅಜ್ಜಾರು, ಅಂದರೆ ಆಶ್ರಮದ ಗುರುಗಳು, ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು.

"ಅಜ್ಜಾರ, ಯಾರೋ ಕಾರಿಗೆ ಕೈ ಹಚ್ಯಾರ."

"ಏನಾತು?"

"ಬ್ರೇಕಿನ ದೀಪ ಹತ್ತೇತ್ರಿ. ತಾನ ಬೀಳೋ ಬ್ರೇಕು ಬಂದ್ ಆಗೇತಿ ಅಂತ ತೋರಸ್ತೈತಿ."

"ನೀ ತುಳಿಯೋ ಬ್ರೇಕು?"

"ಅದು ಛಲೋ ಐತ್ರಿ."

"ಕಾರಿನ ಜೋಡಿ ಒಂದು ಪುಸ್ತಕ ಬಂದಿತ್ತಲ್ಲ. ಅದ್ರಾಗ ಏನು ಬರದಾರ?"

"ಮುಂದಿನ ಸೆನ್ಸರಿಗೆ ಏನೋ ಅಡ್ಡ ಆಗೇತಿ, ಸ್ವಚ್ಛ ಮಾಡ್ರಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ಅದಕ್ಕೂ ದೀಪ ಆರಲಿಲ್ಲಂದ್ರ ಮೆಕ್ಯಾನಿಕ್‌ಗೆ ತೋರಸ್ರಿ ಅಂತ ಬರದಾರ್ರಿ."

"ಸ್ವಚ್ಛ ಮಾಡಿದ್ಯಾ?"

ಕಲ್ಲಿನಾಥನ ಮುಖ ಚಿಕ್ಕದಾಯಿತು. "ನನ್ನ ಕಾರು ಹೊಲಸು ಇರ್ತೈತೇನ್ರಿ? ಪುಸ್ತಕ ಬರದಾಂವಗ ಸೆನ್ಸರ್ ಗೊತ್ತು. ನಮ್ಮ ಮಂದಿ ಗೊತ್ತಿಲ್ಲ."

"ನಮ್ಮ ಮಂದಿ ಅಂದ್ರ ಯಾರು?"

ಕಲ್ಲಿನಾಥ ದನಿ ತಗ್ಗಿಸಿದ. "ಫಕೀರಪ್ಪ."

ಫಕೀರಪ್ಪ ಎರಡು ತಿಂಗಳ ಹಿಂದೆ ಬಂದವನು. ಪೇಟೆಯ ಗ್ಯಾರೇಜಿನಲ್ಲಿ ಹದಿನೈದು ವರ್ಷ ವಾಹನಗಳ ವೈರಿಂಗ್ ಮಾಡಿದ್ದ. ಗ್ಯಾರೇಜು ಮುಚ್ಚಿತು, ಹೆಂಡತಿ ತೀರಿಕೊಂಡಳು. ಅಜ್ಜಾರು ಅವನಿಗೆ ಒಂದು ಚಾಪೆ, ಎರಡು ಹೊತ್ತಿನ ಊಟ, ತೋಟಕ್ಕೆ ನೀರು ಹಾಕುವ ಕೆಲಸ ಕೊಟ್ಟಿದ್ದರು. ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ.

"ಸಾಕ್ಷಿ ಏನೈತಿ?"

"ದೀಪ ಹತ್ತಿದ್ದು ಕೇಳಿ ಓಡಿ ಬಂದ. ನಿಂತು ನೋಡಿದ. ಬಾನೆಟ್ ತೆಗೀಲಿಲ್ಲ, ಒಂದು ವೈರ್ ಮುಟ್ಟಲಿಲ್ಲ. 'ಅಣ್ಣಾರ, ಮೂತಿ ತೊಳೀರಿ, ಆರ್ತೈತಿ' ಅಂದ."

"ಅದರಾಗ ತಪ್ಪೇನು?"

"ಮುಟ್ಟದನ ರೋಗ ಎಲ್ಲೈತಿ ಅಂತ ಹ್ಯಾಂಗ ಗೊತ್ತಾತ್ರಿ? ಇಟ್ಟಾಂವಗಷ್ಟ ಗೊತ್ತಿರ್ತೈತಿ. ಅದೂ ಅಲ್ದ ಮೂತಿ ಮ್ಯಾಲ ವಿಭೂತಿ ಐತಿ. ವಿಭೂತಿ ತೊಳೀ ಅಂತಾನಲ್ರಿ, ಎಂಥಾ ಮನಶ್ಯಾ ಇರಬೇಕು!"

ಅಜ್ಜಾರು ಜೋಳದೊಳಗಿನ ಒಂದು ಹರಳನ್ನು ಹೆಕ್ಕಿ ಪಕ್ಕಕ್ಕಿಟ್ಟರು.

"ನಾಕು ದಿನ ನೋಡು," ಎಂದರು.

ಕಲ್ಲಿನಾಥ ನೋಡಿದ. ಬುಧವಾರ ಫಕೀರಪ್ಪ ನೀರಿನ ಕೊಡ ಹೊತ್ತು ಕಾರಿನ ಪಕ್ಕ ಮೂರು ಸಲ ಹಾದುಹೋದ. ಇದು ಅನುಮಾನಕ್ಕೆ ಎಡೆಮಾಡಿಕೊಟ್ಟಿತು. ಗುರುವಾರ ಒಮ್ಮೆಯೂ ಹಾಯಲಿಲ್ಲ. ಇದು ಅನುಮಾನವನ್ನು ಗಟ್ಟಿ ಮಾಡಿತು. ಶುಕ್ರವಾರ ಕಾರಿನ ಮೂತಿ ನೋಡಿ ನಿಟ್ಟುಸಿರು ಬಿಟ್ಟ.

ಅಂದೇ ಊಟದ ಸಾಲಿನಲ್ಲಿ ಕಲ್ಲಿನಾಥ ನೇರವಾಗಿ ಕೇಳಿದ. "ಏನಪಾ, ನಿನ್ನೆ ಕಾರಿನ ಕಡೆ ಬರಲೇ ಇಲ್ಲ?"

"ಬಂದ್ರ ಯಾಕ ಬಂದಿ ಅಂತೀರಿ ಅಣ್ಣಾರ. ಬರದಿದ್ರ ಯಾಕ ಬರಲಿಲ್ಲ ಅಂತೀರಿ. ಹೊಳಿಯಾಗ ಹೋಗಿ ನಿಂದರಲೇನು?"

"ಹೊಳಿಯಾಗ ನಿಂತ್ರೂ ಅಲ್ಲಿಂದ ಕಾರು ಕಾಣ್ತೈತಿ," ಎಂದು ಕಲ್ಲಿನಾಥ ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡ. ಫಕೀರಪ್ಪ ಬಡಿಸಿದ ಸಾರನ್ನು ಮೂಸಿ ನೋಡಿ ಉಂಡ.

ಈ ನಾಲ್ಕು ದಿನವೂ ಅವನು ವಿಭೂತಿ ತಪ್ಪಿಸಲಿಲ್ಲ. ಕಷ್ಟಕಾಲವಾದ್ದರಿಂದ ತುಸು ದಪ್ಪಗೇ ಎಳೆದ. ದೀಪ ಆರಲಿಲ್ಲ.

ಭಾನುವಾರ ಅಜ್ಜಾರ ಮುಂದೆ ನಿಂತ. "ಹನ್ನೆರಡು ವರ್ಷ ನಿಮ್ಮ ಸೇವಾ ಮಾಡೀನಿ. ಇಲ್ಲಿ ಅಂವ ಇರಬೇಕು, ಇಲ್ಲಾ ನಾ ಇರಬೇಕು."

"ಆಗಲಿ. ನಾಳೆ ಹತ್ತರ ಬಸ್ಸಿಗೆ ಅವನ್ನ ನೀನ ಬಿಟ್ಟು ಬಾ. ನಾನೂ ಬರ್ತೀನಿ."

ಕಲ್ಲಿನಾಥನಿಗೆ ಸಂತೋಷವಾಯಿತು. ಅಜ್ಜಾರು ಇಷ್ಟು ಸುಲಭವಾಗಿ ಒಪ್ಪಿದ್ದೇಕೆ ಎಂದು ಆಮೇಲೆ ಅನುಮಾನವೂ ಆಯಿತು.

ಸೋಮವಾರ ಫಕೀರಪ್ಪ ಗಂಟು ಕಟ್ಟಿಕೊಂಡು ಬಂದ. ವಾದ ಮಾಡಲಿಲ್ಲ.

"ಬದನಿಗಿಡಕ್ಕ ನೀರು ಹಾಕೀನ್ರಿ," ಎಂದ. "ಸಂಜಿಗೂ ಯಾರಾದರೂ ಹಾಕಬೇಕ್ರಿ. ಎಳೇ ಗಿಡ ಅದಾವು."

ಅಜ್ಜಾರು ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ಒಂದು ಮೊಸರಿನ ಗಡಿಗೆ ಇಟ್ಟರು. "ಬಸ್ ಸ್ಟ್ಯಾಂಡಿನ ಹತ್ರ ಭಕ್ತರ ಮನಿಗೆ ಕೊಡೋದೈತಿ. ಎರಡೂ ಕೈಲೆ ಹಿಡಿ."

ಆಮೇಲೆ ಕಲ್ಲಿನಾಥನ ಕಡೆ ತಿರುಗಿದರು. "ಮೂತಿ ತೊಳಿ."

"ಅಜ್ಜಾರ, ವಿಭೂತಿ ಐತ್ರಿ!"

"ಹಳೇದು ತೊಳಿ. ಹೊಸದು ನಾ ಹಚ್ತೀನಿ."

ಗುರುವಿನ ಮಾತು ಮೀರುವಂತಿಲ್ಲ. ಎರಡು ಬಕೆಟ್ ನೀರು, ಒಂದು ಹಳೆಯ ಪಂಚೆ ಬೇಕಾಯಿತು. ತಿಂಗಳುಗಟ್ಟಲೆಯ ವಿಭೂತಿ ಗೋಡೆಯ ಗಾರೆಯಂತೆ ಚಕ್ಕೆ ಚಕ್ಕೆಯಾಗಿ ಬಿತ್ತು. ಕೆಳಗಿನಿಂದ ಲಾಂಛನ ಹೊರಬಂದಿತು.

ಅಜ್ಜಾರು ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡು ಕಲ್ಲಿನಾಥನ ಹಣೆಗೆ ಎಳೆದರು.

"ಕಾರಿಗೆ?"

"ಇವತ್ತು ಓಡಿಸಾಂವಗ ಸಾಕು," ಎಂದು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು.

ಊರ ಅಗಸಿ ಬಾಗಿಲು ದಾಟುತ್ತಿದ್ದಂತೆ ಹಳದಿ ದೀಪ ಆರಿತು.

"ನೋಡಿದ್ರ್ಯಾ ಅಜ್ಜಾರ!" ಕಲ್ಲಿನಾಥ ಸೀಟಿನಿಂದ ಅರ್ಧ ಎದ್ದ. "ಅಂವ ಊರು ಬಿಟ್ಟ, ದೀಪ ಆರಿತು! ಇನ್ನೇನು ಸಾಕ್ಷಿ ಬೇಕ್ರಿ?"

ಅಜ್ಜಾರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಆರಿಸಲು ಬಲ್ಲವನು ಮತ್ತೆ ಹಚ್ಚಲೂ ಬಲ್ಲ ಎಂಬುದು ಕಲ್ಲಿನಾಥನಿಗೆ ಆಗ ಹೊಳೆಯಿತು. ಆದರೆ ಹಿಂದಿನ ಸೀಟಿನಲ್ಲಿ ಕೂತು ಹೇಗೆ ಆರಿಸಿದ? ಅವನು ಒಳಗಿನ ಕನ್ನಡಿಯನ್ನು ಕೆಳಗೆ ಬಗ್ಗಿಸಿ ಫಕೀರಪ್ಪನ ಕೈ ಕಾಣುವಂತೆ ಮಾಡಿಕೊಂಡ. ಕೈ ಎರಡೂ ಗಡಿಗೆಯ ಮೇಲಿದ್ದವು. ಹೆಬ್ಬೆರಳುಗಳು ಮಾತ್ರ ತುಸು ಅಲುಗುತ್ತಿದ್ದವು. ಕಲ್ಲಿನಾಥ ಹೆಬ್ಬೆರಳುಗಳನ್ನು ನೋಡುತ್ತ ಓಡಿಸಿದ.

ತಿರುವಿನಲ್ಲಿ, ಹೊಲದಿಂದ ಕುರಿಹಿಂಡೊಂದು ರಸ್ತೆಗೆ ಇಳಿಯಿತು.

"ಅಣ್ಣಾರ—" ಎಂದ ಫಕೀರಪ್ಪ.

"ಸುಮ್ಮನ ಕೂಡು," ಎಂದ ಕಲ್ಲಿನಾಥ, ಕನ್ನಡಿಗೆ.

ಕಾರು ಪೀಂ ಎಂದು ಕೂಗಿಕೊಂಡು, ಗಕ್ಕನೆ ನಿಂತಿತು. ಬೆಲ್ಟುಗಳು ಎದೆಗೆ ಬಿಗಿದವು. ಅರ್ಧ ಗಡಿಗೆ ಮೊಸರು ಕಲ್ಲಿನಾಥನ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಮೂತಿಯಿಂದ ಒಂದು ಮೊಳ ದೂರದಲ್ಲಿ ಒಂದು ಕುರಿ ಕಾರನ್ನು ನೋಡಿ, ಮೆಲುಕು ಮುಂದುವರಿಸಿತು.

"ಏ ಯಪ್ಪಾ, ಕಣ್ಣು ಎಲ್ಲಿಟ್ಟೀಯೋ?" ಕುರಿ ಕಾಯುವವನು ಕೋಲೆತ್ತಿದ.

ಕಲ್ಲಿನಾಥ ತನ್ನ ಕಾಲು ನೋಡಿಕೊಂಡ. "ನಾ ತುಳೀಲಿಲ್ರಿ ಅಜ್ಜಾರ. ನನ್ನ ಕಾಲು ಬ್ರೇಕಿನ ಮ್ಯಾಲ ಇರಲೇ ಇಲ್ಲ. ಯಾರು ಹಾಕಿದ್ರು?"

ಅವನು ಹಿಂದೆ ತಿರುಗಿದ. ಫಕೀರಪ್ಪ ಉಳಿದ ಮೊಸರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ನೀ ಎಲ್ಲಿ ನೋಡಾಕತ್ತಿದ್ದಿ?" ಅಜ್ಜಾರು ಕೇಳಿದರು.

"ಹಿಂದ್ರಿ."

"ಕಾರು?"

ಕಲ್ಲಿನಾಥ ಮುಂದಕ್ಕೆ ತಿರುಗಿದ. "ಮುಂದ್ರಿ."

"ನಿನ್ನೆ ತನಕ ಅದಕ್ಕ ಯಾಕ ಕಾಣಲಿಲ್ಲ?"

ಕಲ್ಲಿನಾಥನ ಕೈ ತನ್ನ ಹಣೆಗೆ ಹೋಯಿತು. ಬೆವರಿಗೆ ಕರಗಿದ ವಿಭೂತಿ ಬೆರಳಿಗೆ ಅಂಟಿತು. ಅವನು ಬೆರಳನ್ನು ನೋಡಿದ.

"ಅದರ ಕಣ್ಣು, ಆ ಸೆನ್ಸರು, ಲಾಂಛನದ ಹಿಂದ ಇತ್ತೇನ್ರಿ?"

"ಮೊದಲನೇ ದಿನಾನ ಹೇಳಿದ್ನಲ್ಲ ಅಣ್ಣಾರ," ಎಂದ ಹಿಂದಿನಿಂದ ಫಕೀರಪ್ಪ.

ಬೆನ್ನ ಮೇಲೆ ಮೊಸರು ಇಳಿಯುತ್ತಲೇ ಇತ್ತು. ಕಲ್ಲಿನಾಥ ಒರೆಸಿಕೊಳ್ಳಲಿಲ್ಲ. ಕನ್ನಡಿಯನ್ನು ಮೊದಲಿನಂತೆ ಸರಿಪಡಿಸಿ, ಬೆಲ್ಟು ಬಿಚ್ಚಿದ.

"ನಾ ಇಳೀತೀನ್ರಿ ಅಜ್ಜಾರ. ಅಂವ ಇಲ್ಲಾ ನಾ ಅಂತ ನಾನ ಅಂದಿದ್ದೆ. ಹತ್ತರ ಬಸ್ಸಿಗೆ ನಾ ಹೋಗ್ತೀನಿ."

ಅಜ್ಜಾರು ಕಾರಿನ ಗಡಿಯಾರ ನೋಡಿದರು, ರಸ್ತೆ ನೋಡಿದರು.

"ಹತ್ತಾಗಿ ಹತ್ತು ನಿಮಿಷ ಆತು, ಬಸ್ಸು ಹೋತು. ಕುರೀನೂ ದಾಟಿದವು. ಬೆಲ್ಟು ಹಾಕ್ಕೊಂಡು ಕಾರು ತಿರುಗಿಸು."