ಮೂರು ಪೆಟ್ಟು, ಒಂದು ತಡವರಿಕೆ

"ಗುರುಗಳೇ, ಕಂಪ್ಯೂಟರು ಬಂದು ಇಷ್ಟು ಕಾಲವಾದರೂ ಜನ ಹಳೆಯ ಟೈಪ್‌ರೈಟರನ್ನು ನೆನೆದು ನಿಟ್ಟುಸಿರು ಬಿಡುತ್ತಾರಲ್ಲ, ಇದು ಬರೀ ಮೋಹವಲ್ಲವೇ?" ಎಂದು ಶಿಷ್ಯ ಕೇಳಿದ.

ಮಠದ ಕಚೇರಿ ಕೆಲಸ ನೋಡಿಕೊಳ್ಳುತ್ತಿದ್ದವನು ಅವನೇ. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಹೊರಟಾಗ, ವಯಸ್ಸಾದ ಭಕ್ತರೊಬ್ಬರು ಅದರ ಮುಂದೆ ನಿಂತು ಕಣ್ಣೊರೆಸಿಕೊಂಡಿದ್ದರು. ಅವನಿಗೆ ನಗು ಬಂದಿತ್ತು. ಭಕ್ತರ ಎದುರು ನಗಲಾರದೆ, ಆ ನಗುವನ್ನೇ ಪ್ರಶ್ನೆ ಮಾಡಿಕೊಂಡು ಗುರುಗಳ ಬಳಿಗೆ ಬಂದಿದ್ದ.

"ಮೋಹವೋ ಅಲ್ಲವೋ, ಆಮೇಲೆ ನೀನೇ ತೀರ್ಮಾನ ಮಾಡು. ಈಗ ಕೈಯಲ್ಲಿರುವ ಫೋನನ್ನು ಕೆಳಗಿಟ್ಟು ಒಂದು ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಸೀರೆ ವ್ಯಾಪಾರಿಯಿದ್ದ. ಅವನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಮೇಷ್ಟರು ಬೆರಳಚ್ಚು ಶಾಲೆ ನಡೆಸುತ್ತಿದ್ದರು. ಮಹಡಿಗೆ ಮರದ ಹಲಗೆಯ ನೆಲ. ಮೇಲೆ ಸಾಲಾಗಿ ಯಂತ್ರಗಳು, ಕೆಳಗೆ ಬಿಳಿ ಹಾಸಿಗೆಯ ಮೇಲೆ ಹರಡಿದ ಸೀರೆಗಳು. ಬೆಳಿಗ್ಗೆ ಶುರುವಾದ ಸದ್ದು ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತಿತ್ತು.

ವ್ಯಾಪಾರಿಗೆ ಆ ಸದ್ದು ಕಂಡರಾಗದು. ಅವನು ಸೆರಗು ಬಿಚ್ಚಿ, ದನಿ ಇಳಿಸಿ, "ಈ ಬಣ್ಣ ನಿಮಗೇ ಅಂತ ನೇಯ್ದದ್ದು ಕಣಮ್ಮ" ಎನ್ನುವಾಗಲೇ ಮೇಲಿನಿಂದ ಟಕಟಕ ಸುರಿಯುತ್ತಿತ್ತು. ಹಲಗೆಯ ಸಂದಿಯಿಂದ ಧೂಳು ಉದುರಿ ಬಿಳಿ ಹಾಸಿಗೆ ಮಾಸುತ್ತಿತ್ತು. ವ್ಯಾಪಾರ ಆಗದ ದಿನ ತಪ್ಪೆಲ್ಲ ಆ ಸದ್ದಿನದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇವನಿಗೆ ಸೂರು ಡೊಂಕಾಗಿತ್ತು. ಸಿಟ್ಟು ಬಂದಾಗ ಬಟ್ಟೆ ಅಳೆಯುವ ಗಜದ ಕೋಲನ್ನು ಎತ್ತಿ ಸೂರಿಗೆ ಬಡಿಯುತ್ತಿದ್ದ. ಮೇಲೆ ಒಂದು ಗಳಿಗೆ ಎಲ್ಲರೂ ಬೆರಳು ಎತ್ತಿ ಕೂರುತ್ತಿದ್ದರು. ಆಮೇಲೆ ಮತ್ತೆ ಟಕಟಕ.

ಮಧ್ಯಾಹ್ನ ಗಿರಾಕಿಗಳು ಇರುವುದಿಲ್ಲ. ವ್ಯಾಪಾರಿ ಊಟ ಮುಗಿಸಿ ಅದೇ ಹಾಸಿಗೆಯ ಮೇಲೆ ಕಾಲು ಚಾಚುತ್ತಿದ್ದ. ಹಾಗೆ ಮಲಗಿದ್ದಾಗ ಅವನ ಕಿವಿಗೆ ಒಂದು ಸದ್ದು ಬೇರೆಯಾಗಿ ಕೇಳಿಸತೊಡಗಿತು. ಮೂರು ಪೆಟ್ಟು ಸಲೀಸಾಗಿ ಬೀಳುತ್ತಿದ್ದವು. ಆಮೇಲೆ ಒಂದು ತಡವರಿಕೆ. ಆಮೇಲೆ, ಬೀಳಲೋ ಬೇಡವೋ ಎಂಬಂತೆ, ಒಂದು ಹಗುರವಾದ ಪೆಟ್ಟು. ಉಳಿದ ಯಂತ್ರಗಳು ಎಷ್ಟೇ ಕೂಗಾಡಲಿ, ಅವನ ಕಿವಿ ಮಾತ್ರ ಇದನ್ನೇ ಹಿಡಿದುಕೊಂಡಿತು. ಆ ನಾಲ್ಕನೆಯ ಪೆಟ್ಟು ಬೀಳುವ ತನಕ ಅವನಿಗೆ ಕಣ್ಣು ಮುಚ್ಚಲಾಗುತ್ತಿರಲಿಲ್ಲ. ಅದು ಬಿದ್ದರೆ ಮತ್ತೆ ಮೂರು ಬೀಳುತ್ತಿದ್ದವು, ಮತ್ತೆ ಕಾಯಬೇಕಾಗುತ್ತಿತ್ತು. ಹೀಗೆ ಅವನ ನಿದ್ದೆ ಹಾಳಾಯಿತು.

ಯಾರದೆಂದು ತಿಳಿಯದ ಆ ಬೆರಳನ್ನು ಅವನು ಮಲಗಿದಲ್ಲೇ ಬೈದ. ಆಮೇಲೆ ಬೈಯುವುದನ್ನು ಬಿಟ್ಟು ಕಾಯತೊಡಗಿದ. ಕಾಯುತ್ತ ಕಾಯುತ್ತ, ತನಗೇ ತಿಳಿಯದಂತೆ, "ಹೊಡಿ, ಹೊಡಿ, ಹೆದರಬೇಡ" ಎನ್ನತೊಡಗಿದ. ಅಂಗಡಿಗೆ ಬಂದ ನೆಂಟರು ಇವನಿಗೆ ಏನೋ ಹಿಡಿದಿದೆ ಎಂದುಕೊಂಡರು.

ದಿನ ಕಳೆದಂತೆ ತಡವರಿಕೆ ಚಿಕ್ಕದಾಯಿತು. ಹಗುರವಾಗಿದ್ದ ಪೆಟ್ಟಿಗೆ ತೂಕ ಬಂತು. ಒಂದು ಮಧ್ಯಾಹ್ನ ಒಂದಿಡೀ ಸಾಲು ಎಲ್ಲೂ ನಿಲ್ಲದೆ ಓಡಿ, ಸಾಲು ಮುಗಿದ ಗಂಟೆ ಟಿಣ್ ಎಂದಿತು. ವ್ಯಾಪಾರಿ ಎದ್ದು ಕೂತ. ಸಂತೋಷ ತಡೆಯಲಾಗಲಿಲ್ಲ. ಕೈಗೆ ಸಿಕ್ಕಿದ ಗಜದ ಕೋಲನ್ನು ಎತ್ತಿ, ಶಭಾಷ್ ಎನ್ನುವಂತೆ ಸೂರಿಗೆ ಜೋರಾಗಿ ಬಡಿದ. ಆಮೇಲೆ ಮಲಗಿ, ಬಹಳ ದಿನಗಳ ಮೇಲೆ ಸುಖವಾಗಿ ನಿದ್ದೆ ಮಾಡಿದ.

ಮರುದಿನ ಆ ಸದ್ದು ಇಲ್ಲ. ಅದರ ಮರುದಿನವೂ ಇಲ್ಲ. ಉಳಿದ ಯಂತ್ರಗಳೆಲ್ಲ ಎಂದಿನಂತೆ ಓಡುತ್ತಿದ್ದವು. ವ್ಯಾಪಾರಿಗೆ ಅವುಗಳ ನಡುವಿನ ಆ ಒಂದು ಖಾಲಿಯೇ ಕೇಳಿಸುತ್ತಿತ್ತು. ಜ್ವರವಿರಬಹುದು ಎಂದುಕೊಂಡ. ಊರಿಗೆ ಹೋಗಿರಬಹುದು ಎಂದುಕೊಂಡ. ಕೊನೆಗೆ ಅಂಗಡಿಯನ್ನು ಹಾಗೇ ಬಿಟ್ಟು, ಕೋಲನ್ನು ಕೈಯಲ್ಲಿ ಹಿಡಿದೇ ಮಹಡಿ ಹತ್ತಿದ. ಅಷ್ಟು ವರ್ಷಗಳಲ್ಲಿ ಅವನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಕೋಲು ಕಂಡ ಮೇಷ್ಟರು ಗಾಬರಿಯಾಗಿ, "ಮೇಜಿನ ಕಾಲ ಕೆಳಗೆ ಗೋಣಿ ಹಾಸಿಸ್ತೀನಿ ಸಾವ್ಕಾರ್ರೇ, ಜಗಳ ಬೇಡ" ಎಂದರು.

"ಜಗಳಕ್ಕೆ ಬಂದಿಲ್ಲ ಮೇಷ್ಟ್ರೇ" ಎಂದು ವ್ಯಾಪಾರಿ ಕೋಲಿನ ತುದಿಯಿಂದ ಮೇಜಿನ ಮೇಲೆ ಮೂರು ಸಲ ಕುಟ್ಟಿ, ನಿಲ್ಲಿಸಿ, ಮೆಲ್ಲಗೆ ಇನ್ನೊಮ್ಮೆ ಕುಟ್ಟಿದ. "ಹೀಗೆ ಹೊಡೀತಿದ್ದೋರು ಯಾಕೆ ಬರ್ತಿಲ್ಲ?"

ಮೇಷ್ಟರಿಗೆ ಹೆಸರು ಕೇಳಬೇಕಾಗಲಿಲ್ಲ. ಕಣ್ಣು ಮುಚ್ಚಿದರೂ ತಮ್ಮ ವಿದ್ಯಾರ್ಥಿಗಳನ್ನು ಸದ್ದಿನಿಂದಲೇ ಗುರುತಿಸುವವರು ಅವರು. ಗೋಡೆಯ ಪಕ್ಕದಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಯಂತ್ರವನ್ನು ತೋರಿಸಿ ಹೇಳಿದರು. ಅಲ್ಲಿ ಕೂರುತ್ತಿದ್ದವಳು ಗಂಡನನ್ನು ಕಳೆದುಕೊಂಡ ಹೆಂಗಸು. ಮನೆಯಲ್ಲಿ ಸಣ್ಣ ಮಕ್ಕಳು. ಗಂಡ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಬೆರಳಚ್ಚು ಪರೀಕ್ಷೆ ಪಾಸು ಮಾಡಿಕೊಂಡರೆ ಅವನ ಜಾಗದಲ್ಲಿ ಅವಳಿಗೆ ಕೆಲಸ ಕೊಡುತ್ತೇವೆ ಎಂದು ಕಚೇರಿಯವರು ಹೇಳಿದ್ದರು. ಅವಳ ಸಂಸಾರ ನಿಲ್ಲುವುದೋ ಬೀಳುವುದೋ ಆ ಒಂದು ಪರೀಕ್ಷೆಯ ಮೇಲಿತ್ತು. ಎಲ್ಲ ಬೆರಳೂ ಬಗ್ಗಿದವು, ಕಿರುಬೆರಳು ಮಾತ್ರ ಸೋಲುತ್ತಿತ್ತು. ಸುತ್ತ ಕೂತ ಹರೆಯದ ಹುಡುಗಿಯರ ನಡುವೆ ತನ್ನ ತಪ್ಪು ಎಲ್ಲರಿಗೂ ಕೇಳಿಸುತ್ತದೆ ಎಂದು ಅವಳು ಕುಗ್ಗುತ್ತಿದ್ದಳು.

"ಮೊನ್ನೆ ಮೊದಲನೇ ಸಲ ಸಾಲು ಪೂರಾ ಬಂತು ಸಾವ್ಕಾರ್ರೇ. ಆವಮ್ಮ ನನ್ನ ಮುಖ ನೋಡಿ ನಗೋಷ್ಟರಲ್ಲಿ ಕೆಳಗಿಂದ ನಿಮ್ಮ ಕೋಲು ಬಡೀತು. ಕೆಳಗಿನೋರಿಗೂ ನನ್ನ ಕಾಟ ತಡ್ಕೊಳ್ಳೋಕಾಗ್ತಿಲ್ಲ ಅಂತ ಅಂದು, ಯಂತ್ರಕ್ಕೆ ಬಟ್ಟೆ ಮುಚ್ಚಿ ಹೋದ್ರು. ಹೇಳಿ ಕಳಿಸಿದ್ರೂ ಬರ್ಲಿಲ್ಲ."

ವ್ಯಾಪಾರಿ ಕೈಯಲ್ಲಿದ್ದ ಕೋಲನ್ನು ನೋಡಿದ. ಅವನ ಕೋಲು ಅಷ್ಟು ವರ್ಷ ಬೈಗುಳ ಬಿಟ್ಟು ಬೇರೆ ಮಾತಾಡಿರಲಿಲ್ಲ. ಒಂದು ದಿನ ಅದು ಹೊಗಳಿತು ಎಂದರೆ ನಂಬುವವರು ಯಾರು?

ಅಂದೇ ಸಂಜೆ ಅವನು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಅವಳ ಮನೆಗೆ ಹೋದ. ಬಾಗಿಲಲ್ಲೇ ನಿಂತು ಕೈ ಮುಗಿದ. "ತಾಯಿ, ಆವತ್ತು ನಾನು ಬಡಿದದ್ದು ಸಿಟ್ಟಿಗಲ್ಲ, ಸಂತೋಷಕ್ಕೆ. ದಿನಾ ಮಧ್ಯಾಹ್ನ ನಿಮ್ಮ ಬೆರಳಿನ ಹಿಂದೇನೇ ನನ್ನ ಜೀವ ಓಡಾಡ್ತಿತ್ತು. ನೀವು ಬಿಟ್ಟುಬಿಟ್ರೆ ಆ ಪಾಪ ನನ್ನ ತಲೆ ಮೇಲೆ ಇರುತ್ತೆ."

ಅವಳು ಹೇಳಿದಳು: "ಕೇಳಿಸ್ಕೊಳ್ಳೋರೆಲ್ಲ ನಗೋಕೇ ಕೇಳಿಸ್ಕೊತಾರೆ ಅಂದ್ಕೊಂಡಿದ್ದೆ ಅಣ್ಣ. ಕಾಯ್ತಾ ಇರೋರೂ ಇರ್ತಾರೆ ಅಂತ ಗೊತ್ತಿರ್ಲಿಲ್ಲ."

ಮರುದಿನ ಮಧ್ಯಾಹ್ನ ಮೂರು ಪೆಟ್ಟು ಬಿದ್ದವು, ಸ್ವಲ್ಪ ತಡವರಿಸಿ ನಾಲ್ಕನೆಯದೂ ಬಿತ್ತು. ವ್ಯಾಪಾರಿ ಕೋಲನ್ನು ಮುಟ್ಟಲಿಲ್ಲ.

ಆಗಿನ ಕಾಲದಲ್ಲಿ ಪರೀಕ್ಷೆಗೆ ಹೋಗುವವರು ತಾವು ಕಲಿತ ಯಂತ್ರವನ್ನೇ ಹೊತ್ತುಕೊಂಡು ಹೋಗುತ್ತಿದ್ದರು. ಒಂದೊಂದು ಯಂತ್ರಕ್ಕೆ ಒಂದೊಂದು ಹಟ. ಪಳಗಿದ ಕೈಗೆ ಪಳಗಿದ ಯಂತ್ರವೇ ಬೇಕು. ಅವಳ ಯಂತ್ರವನ್ನು ಹೊರಲು ವ್ಯಾಪಾರಿ ಕೂಲಿಯವನನ್ನು ಕರೆಯಲಿಲ್ಲ. ತಾನೇ ಹೆಗಲಿಗೆ ಒಂದು ಸೀರೆ ಮಡಿಸಿ ಹಾಕಿಕೊಂಡು, ಅದರ ಮೇಲೆ ಯಂತ್ರವನ್ನಿಟ್ಟು ಪೇಟೆಯ ನಡುವೆ ನಡೆದ. ಯಂತ್ರವೂ ಭಾರ, ಅವನ ಹೊಟ್ಟೆಯೂ ಭಾರ. ಪರೀಕ್ಷೆಯ ಕೋಣೆ ತಲುಪುವ ಹೊತ್ತಿಗೆ ಅವನು ಬೆವತು ನೀರಾಗಿದ್ದ. ನೋಡಿದವರು ನಕ್ಕರು, ಅವನು ನಗುವವರಿಗಿಂತ ಮೊದಲೇ ನಗುತ್ತಿದ್ದ. ಅವಳು ಪಾಸಾದಳು. ಗಂಡ ಕೂರುತ್ತಿದ್ದ ಕಚೇರಿಯಲ್ಲಿ ಕೂತಳು. ಮಕ್ಕಳು ಓದಿದರು.

ಆಮೇಲೆ ಕಾಲ ಬದಲಾಯಿತು. ಮೇಷ್ಟರು ಯಂತ್ರಗಳನ್ನು ಗುಜರಿಗೆ ಕೊಟ್ಟು ಕಂಪ್ಯೂಟರು ತಂದರು. ಮಹಡಿ ತಣ್ಣಗಾಯಿತು. ಹಾಸಿಗೆಯ ಮೇಲೆ ಧೂಳು ಬೀಳುವುದು ನಿಂತಿತು. ಮುದುಕನಾಗಿದ್ದ ವ್ಯಾಪಾರಿಗೆ ಈಗ ಮಧ್ಯಾಹ್ನ ಒಳ್ಳೆಯ ನಿದ್ದೆ. ಬೇಡಿದ್ದ ವರ ತಡವಾಗಿ ಬಂತು ಎಂದು ಅವನೂ ಹಿಗ್ಗಿದ.

ಒಂದು ಸಂಜೆ ಮೇಷ್ಟರು ಮೆಟ್ಟಿಲು ಇಳಿದು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ಮಾತಿಗೆ ಮಾತು ಬಂದು ಹೇಳಿದರು: ಕಂಪ್ಯೂಟರಿನಲ್ಲಿ ಬೆರಳಚ್ಚು ಕಲಿಯಲು ಬರುತ್ತಿದ್ದ ಒಬ್ಬಳು ಕೈಲಾಗದೆಂದು ಬಿಟ್ಟು ಹೋಗಿ ಎಷ್ಟೋ ದಿನವಾಗಿದೆ, ಅವಳಿಗೂ ಆ ಪರೀಕ್ಷೆಯೇ ಬದುಕಾಗಿತ್ತು, ತಮಗೂ ಅದು ತಡವಾಗಿ ಗಮನಕ್ಕೆ ಬಂತು, ಹುಡುಕಿಕೊಂಡು ಹೋದರೆ ಮನೆಗೆ ಬೀಗ.

"ಎಲ್ಲಿ ಕೂರ್ತಿದ್ಲು?" ಎಂದು ವ್ಯಾಪಾರಿ ಕೇಳಿದ.

"ನೀವು ಮಲಗ್ತೀರಲ್ಲ, ಅದರ ನೇರಕ್ಕೇ."

ವ್ಯಾಪಾರಿ ತಲೆಯೆತ್ತಿ ಸೂರು ನೋಡಿದ. "ನಾನು ಇಲ್ಲೇ ಇದ್ದೆನಲ್ಲ ಮೇಷ್ಟ್ರೇ, ಒಂದು ಸದ್ದೂ ಕೇಳಿಸ್ಲಿಲ್ಲ" ಎಂದ. ಅಂದಿನಿಂದ ಯಾರಾದರೂ ಟೈಪ್‌ರೈಟರ್ ಎಂದರೆ ಸಾಕು, ಅವನ ಕಣ್ಣು ತುಂಬುತ್ತಿತ್ತು. ಇದ್ದಾಗ ಬಡಿದವನು ಹೋದಾಗ ಅಳುತ್ತಾನೆ ಎಂದು ಪೇಟೆಯವರು ಆಡಿಕೊಂಡರು.

ಇಷ್ಟು ಹೇಳಿ ಗುರುಗಳು ಒಂದು ಗುಟುಕು ನೀರು ಕುಡಿದರು.

"ನನಗೆ ಆ ಯಂತ್ರವೆಂದರೆ ಇಂದಿಗೂ ಗೌರವ" ಎಂದರು. "ಅದಕ್ಕೆ ಮುಚ್ಚುಮರೆ ತಿಳಿಯದು. ಅದರ ಮುಂದೆ ಕೂತವನು ದುಡಿದರೂ ಊರಿಗೆ ತಿಳಿಯುತ್ತಿತ್ತು, ಸೋತರೂ ತಿಳಿಯುತ್ತಿತ್ತು. ಅಷ್ಟು ನೇರವಾದ ವಸ್ತುವನ್ನು ಮನುಷ್ಯ ಮತ್ತೆ ಮಾಡಿದ್ದು ನಾನು ಕಾಣೆ. ಅದರ ಮುಂದೆ ನಿಂತು ಒಬ್ಬರು ಕಣ್ಣೊರೆಸಿಕೊಂಡರೆ ನಗುವಂಥದ್ದೇನಿದೆ?"

ಶಿಷ್ಯ ನಾಚಿದ. ಆದರೂ ಅವನ ಜಾಣತನ ಸುಮ್ಮನಿರಲಿಲ್ಲ. "ಆ ಯಂತ್ರ ದೊಡ್ಡದು, ಒಪ್ಪಿದೆ ಗುರುಗಳೇ. ಆದರೆ ಕಾಲ ಹಿಂದಕ್ಕೆ ಹೋಗುವುದಿಲ್ಲ. ಈಗ ಎಲ್ಲರೂ ಸದ್ದಿಲ್ಲದೆ ದುಡಿಯುತ್ತಾರೆ, ಸದ್ದಿಲ್ಲದೆ ಸೋಲುತ್ತಾರೆ. ಪಕ್ಕದವನ ಕಷ್ಟ ನಮಗೆ ತಿಳಿಯುವುದಾದರೂ ಹೇಗೆ?" ಎಂದು ಕೇಳಿದ.

ಗುರುಗಳು ಹೇಳಿದರು: "ನಿನ್ನ ಪಕ್ಕದ ಕೋಣೆಯವನು ಮೊನ್ನೆಯಿಂದ ಊಟದ ಸಾಲಿಗೆ ಬಂದಿಲ್ಲ, ಯಾಕೆಂದು ಕೇಳಿದೆಯಾ?"

ಶಿಷ್ಯ ಫೋನನ್ನು ಅಲ್ಲೇ ಬಿಟ್ಟು ಪಕ್ಕದ ಕೋಣೆಯ ಕಡೆಗೆ ನಡೆದ.